ಕಿರುಬೆರಳಿನ ಲೆಕ್ಕ

ರಾಹೆಯ ಉಕ್ಕಿನ ಕುಲುಮೆಯಲ್ಲಿ ರಾತ್ರಿಪಾಳಿ ಮುಗಿಸಿ
ಹಾಸಿಗೆಗೆ ಬೀಳಬೇಕಾದವನು
ಮೇಜಿನಡಿ ಮೊಣಕಾಲೂರಿ ಕೇಬಲ್ಲಿನ ಸಿಕ್ಕು ಬಿಡಿಸುತ್ತಿದ್ದೇನೆ.
ಮೇಲೆ, ಕೋಟು ಕೂಡ ಕಳಚದೆ, ಹೆಲ್ವಿ ರೌತಿಯೊ,
ನಲವತ್ತೊಂದು ವರ್ಷ ಇಗರ್ಜಿಯ ಆರ್ಗನ್ ನುಡಿಸಿದವರು,
"ದೀಪ ಹತ್ತಿತಲ್ಲ, ಇನ್ನೇನು?" ಎನ್ನುತ್ತಾರೆ.

ದೀಪ ಹತ್ತಿದೆ. ಮಿಡಿ ಮಿಡಿಯುತ್ತಿಲ್ಲ.
ಹಳೆಸಾಮಾನಿನ ಸಂತೆಯಲ್ಲಿ ಹದಿನೈದು ಯೂರೋಗೆ ಸಿಕ್ಕ ಕೀಬೋರ್ಡು,
ನಲವತ್ತೊಂಬತ್ತು ಮನೆ,
ಒಂದರ ಮೇಲೆ ಯಾವುದೋ ಮಗು ಅಂಟಿಸಿದ ಹಸಿರು ಕಪ್ಪೆ.
ಟ್ರ್ಯಾಕರಿನ ಕಣ್ಣಿಗೆ ಇದು ಬೀಳುತ್ತಲೇ ಇಲ್ಲ.
ಮೊದಲು ತಂತಿ ಚುಚ್ಚಬೇಕು, ಆಮೇಲೆ ತಂತ್ರಾಂಶ ಎಬ್ಬಿಸಬೇಕು,
ನಾನು ಹಿಂದುಮುಂದು ಮಾಡಿದ್ದೆ.
ಮುಚ್ಚಿ ತೆರೆದೆ. ಪಟ್ಟಿಯಲ್ಲಿ ಹೆಸರು ಬಂತು,
ಊಟ ಮುಗಿದ ಮೇಲೆ ಬಂದ ನೆಂಟನ ಹಾಗೆ, ಕೊನೆಯ ಸಾಲಿನಲ್ಲಿ.

ಹೆಲ್ವಿ ನಡುವಿನ ಸಿ ಒತ್ತಿದರು.
ಪರದೆ ಐದನೆಯ ಸ್ಥಾಯಿ ಎಂದಿತು, ಅವರು ನಾಲ್ಕು ಎಂದರು.
ಅವರು ಹೋ ಎಂದು ಕರೆಯುವ ಸ್ವರಕ್ಕೆ ಅದು ಬಿ ಎಂದು ಬರೆಯಿತು.
"ಹೆಸರಿಟ್ಟವರು ಯಾರೋ, ಇರಲಿ ಬಿಡು."
ಒತ್ತಿದ್ದು ಈಗ, ಕೇಳಿದ್ದು ಆಮೇಲೆ. ನಾನು ನಾಚಿ
ಬಫರ್ ತಗ್ಗಿಸಿದೆ, ತಗ್ಗಿಸಿದ್ದು ಹೆಚ್ಚಾಗಿ ಚಟಪಟ ಸಿಡಿಯಿತು,
ತುಸು ಏರಿಸಿದೆ. ಅವರು ನಕ್ಕರು:
"ನಮ್ಮಲ್ಲಿ ಕೊಳವೆಗಳು ಅಷ್ಟು ದೂರ, ಯಾರ್ಮೋ.
ಬೆರಳೆತ್ತಿದ ಮೇಲೆ ಸದ್ದು ಬರುವುದು.
ಬೆನ್ನ ಹಿಂದೆ ಸಭೆ ಇನ್ನೂ ಹಿಂದಿನ ಸಾಲಿನಲ್ಲೇ.
ನಾನು ಮುಂದಿನ ಸಾಲಿನಲ್ಲಿ ಬದುಕಿ ಬಂದವಳು."

ಶ್ರುತಿ ಸೇರುವುದಿಲ್ಲವೆಂದು ಇವರೇ ನನ್ನನ್ನು
ಗಾಯನದ ಸಾಲಿನಿಂದ ಮನೆಗೆ ಕಳಿಸಿದ ವರ್ಷ, ಹದಿನಾಲ್ಕಕ್ಕೆ,
ಅಕ್ಷರದ ಕೀಲಿಯಲ್ಲಿ ಸಂಗೀತ ಬರೆಯತೊಡಗಿದೆ.
ಝಡ್ ಒತ್ತಿದರೆ ಸಿ, ಎಕ್ಸ್ ಒತ್ತಿದರೆ ಡಿ.
ಪ್ಯಾಟರ್ನಿಗೆ ಅರವತ್ತನಾಲ್ಕು ಸಾಲು, ಸದ್ದಿನ ಮೇರೆಯೂ ಅರವತ್ತನಾಲ್ಕು.
ಅರವತ್ತನಾಲ್ಕು ವಿದ್ಯೆ ಬಲ್ಲವನಂತೆ ಎದೆಯುಬ್ಬಿಸಿ
ಎಲ್ಲ ಸ್ವರಕ್ಕೂ ತುಂಬಿದ ಕೊಳಗ ಅಳೆದೆ.
ಅಕ್ಷರದ ಕೀಲಿಗೆ ಮುದ್ದಿಸಿದರೂ ಒಂದೇ, ಗುದ್ದಿದರೂ ಒಂದೇ.

ಇವತ್ತು ಆ ಚೌಕಕ್ಕೆ ಗುರುತು ಹಾಕಿದೆ:
ಒತ್ತಿದ ತೂಕವನ್ನೂ ಬರೆದುಕೋ.

ಕೆಂಪು ಗುಂಡಿ. ಸಾಲುಗಳು ಮೇಲಕ್ಕೆ ಸರಿಯತೊಡಗಿದವು.
ಹೆಲ್ವಿ ಸಣ್ಣದೊಂದು ನುಡಿಸಿದರು, ಹೆಸರು ಹೇಳಲಿಲ್ಲ.
ಸ್ವರದ ಪಕ್ಕ ಅಂಕಿ: ನಲವತ್ತೆರಡು, ಮೂವತ್ತೆಂಟು, ಐವತ್ತು.
ಬೆರಳೆತ್ತಿದಲ್ಲೂ ಗುರುತು, ಮೂರು ಸಮಚಿಹ್ನೆ.
"ಇದೇನು, ಕೀರ್ತನೆಯ ನಂಬರೆ?"
"ನೀವು ಎಷ್ಟು ಒತ್ತಿದಿರೋ ಅಷ್ಟು."

ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.
"ಆರ್ಗನ್ನು ಇದನ್ನು ಯಾವತ್ತೂ ಕೇಳಲಿಲ್ಲ.
ತಂಗಿಯ ಮದುವೆಗೆ ಹಲ್ಲು ಕಚ್ಚಿ ನುಡಿಸಿದ್ದೆ,
ಒಂದು ನರಪಿಳ್ಳೆಗೂ ತಿಳಿಯಲಿಲ್ಲ. ಕೊಳವೆಗೆ ಗಾಳಿ ಬಂದರೆ ಸಾಕು."

ಮೂವತ್ತೇಳನೆಯ ಸಾಲಿನಲ್ಲಿ ಎಡಗೈ ಕಿರುಬೆರಳು:
ಒಂಬತ್ತು.
ಕಳೆದ ಮಾಗಿಯಲ್ಲಿ ಮಿದುಳಿನೊಳಗೆ ರಕ್ತ ಕಟ್ಟಿ
ಆ ಕೈ ಎಷ್ಟು ಉಳಿಯಿತೆಂದು ವೈದ್ಯರು ಬಾಯಿ ಬಿಟ್ಟಿರಲಿಲ್ಲ.
ನನ್ನ ಬೆರಳು ಆಗಲೇ ಆರರ ಮೇಲಿತ್ತು.
ಆರು, ನಾಲ್ಕು. ಎರಡೇ ಗುಂಡಿ, ಸರಿಹೋಗಿಬಿಡುತ್ತಿತ್ತು.
ಅವರು ನನ್ನತ್ತ ನೋಡಲಿಲ್ಲ. ಒಂಬತ್ತನ್ನೇ ನೋಡುತ್ತಿದ್ದರು,
ತಮ್ಮ ಹೆಸರಿಗೆ ಬಂದ ಕಾಗದವನ್ನು ನೋಡುವಂತೆ.
"ಪರವಾಗಿಲ್ಲ," ಎಂದರು. "ಸೊನ್ನೆ ಅಂದುಕೊಂಡಿದ್ದೆ."

ಆಮೇಲೆ ಕಾಫಿ. ಆಮೇಲೆ ಒದೆಬಂಡಿಯ ಸೀಟಿನಲ್ಲಿ ಕೈಚೀಲವಿಟ್ಟು
ಹಿಮದ ಮೇಲೆ ಜರ್ರನೆ ಮನೆಗೆ ಹೋದರು.

ನಿದ್ದೆ ಎತ್ತಲೋ ಹೋಗಿತ್ತು. ಕಪ್ಪೆ ಅಂಟಿದ ಮನೆಯನ್ನು
ನಾನೂ ಕಿರುಬೆರಳಿನಲ್ಲಿ ಮುಟ್ಟಿದೆ, ಆದಷ್ಟು ಮೆಲ್ಲಗೆ.
ಅರವತ್ತೊಂದು.
ಉಸಿರು ಬಿಗಿಹಿಡಿದೆ. ನಲವತ್ತು.
ಇನ್ನೂ ಮೆಲ್ಲಗೆ. ಸದ್ದೇ ಬರಲಿಲ್ಲ.
ಮತ್ತೆ. ಇಪ್ಪತ್ತಾರು.